ಪಾದಪೂಜೆಗೆ ಬಂದ ಹೆವಿ ಮೆಟಲ್

ಗಾಳಿಗೆ ಗುಂಯ್‌ಗುಟ್ಟುವ ಕ್ಯಾಸೆಟ್ ರೀಲಿನ ಸದ್ದು ನಿಮಗೂ ನೆನಪಿರಬೇಕು. ಗಿಳಿಗಳು ಬರದಿರಲಿ ಎಂದು ಸೀಬೆ ಮರಕ್ಕೆ ಹಾಳಾದ ರೀಲು ಎಳೆದು ಕಟ್ಟುತ್ತಿದ್ದರಲ್ಲ, ಅದು. ಮೈಸೂರಿನ ಜಯಲಕ್ಷ್ಮಿಪುರಂನಲ್ಲಿದ್ದ ನಮ್ಮ ಮನೆಯ ಮರಕ್ಕೆ ಅಪ್ಪ ಕಟ್ಟಿಸಿದ್ದು ಮಾತ್ರ ಚೆನ್ನಾಗಿ ಹಾಡುತ್ತಿದ್ದ ರೀಲು, ನಮ್ಮ ಉಮಕ್ಕನದು. ಈಗ ಆ ಮನೆಯೂ ಇಲ್ಲ, ಮರವೂ ಇಲ್ಲ. ಆದರೂ ಎಲ್ಲಾದರೂ ಆ ಸದ್ದು ಕಿವಿಗೆ ಬಿದ್ದರೆ ನನ್ನ ಹೊಟ್ಟೆ ಉರಿಯುತ್ತದೆ.

ಉಮಕ್ಕ ಆಗ ಬಿ.ಎಸ್‌ಸಿ. ಮೊದಲ ವರ್ಷ, ನಾನಿನ್ನೂ ಲಂಗದ ಹುಡುಗಿ. ಮುಂಬಯಿಯ ಒಂದು ಹೆವಿ ಮೆಟಲ್ ತಂಡವೆಂದರೆ ಅವಳಿಗೆ ಹುಚ್ಚು. ಬಾಗಿಲು ಹಾಕಿಕೊಂಡು, ಜಡೆ ಬಿಚ್ಚಿ, ತಲೆ ಕೊಡವಿ ಕೊಡವಿ ಕುಣಿಯುತ್ತಿದ್ದಳು. ಕೋಣೆಯೆಲ್ಲ ಕೊಬ್ಬರಿ ಎಣ್ಣೆಯ ವಾಸನೆ. ಅವಳ ಹಿಂದೆ ನಾನೂ. "ಒಂದಿನ ಇವ್ರನ್ನ ಎದುರಿಗೇ ನೋಡ್ಬೇಕು ಕಣೇ, ನಿನ್ನೂ ಕರ್ಕೊಂಡೋಗ್ತೀನಿ" ಅನ್ನುತ್ತಿದ್ದಳು. ಗೆಳತಿಯ ಹತ್ತಿರವಿದ್ದ ಆ ಹಾಡುಗಳನ್ನು ತುಂಬಿಕೊಳ್ಳಲು ಖಾಲಿ ಕ್ಯಾಸೆಟ್ ಸಿಗದೆ, ಮನೆಯ ವಚನದ ಕ್ಯಾಸೆಟ್ಟಿನ ಮೂಲೆಯಲ್ಲಿ, ಇದ್ದ ಹಾಡು ಅಳಿಸದಂತೆ ಕಾಯುವ ತೂತಿಗೆ ಕಾಗದ ತುರುಕಿ ಅದರ ಮೇಲೇ ರೆಕಾರ್ಡ್ ಮಾಡಿಕೊಂಡಳು. ಅಪ್ಪನಿಗೆ ಗೊತ್ತಾಗದಿರಲಿ ಎಂದು ಮೇಲಿನ ಚೀಟಿ ಕೀಳಲಿಲ್ಲ, ಬುದ್ಧಿವಂತೆ!

ಮಠದ ಸ್ವಾಮಿಗಳು ಪಾದಪೂಜೆಗೆ ಬಂದ ದಿನ ನಡುಮನೆಯ ತುಂಬ ವಿಭೂತಿ, ಬಿಲ್ವಪತ್ರೆ, ಕಾಯಿ ಹೋಳಿಗೆಯ ಘಮ, ನೆಂಟರು. ಅಪ್ಪ ತಾವೇ ಹೋಗಿ ವಚನದ ಕ್ಯಾಸೆಟ್ ಹಾಕಿದರು. ಶುರುವಿನಲ್ಲಿ ಅಳಿಸದೆ ಉಳಿದಿದ್ದ ಒಂದು ಸಾಲು ವಚನ ಬಂತು. ಆಮೇಲೆ ಡ್ರಮ್ಮು, ಗಿಟಾರು, ಯಾವನೋ ಗಂಡಸಿನ ಕಿರುಚಾಟ. ಸ್ವಾಮಿಗಳು ನಕ್ಕುಬಿಟ್ಟರು. "ಇರ್ಲಿ ಬುಡ್ರಪ್ಪ, ಮಕ್ಕಳು" ಅಂದರು. ಅಪ್ಪನೂ ಅವರೆದುರು ನಕ್ಕರು. ಸ್ವಾಮಿಗಳ ಕಾರು ಬೀದಿಯ ತಿರುವು ದಾಟಿತೋ ಇಲ್ಲವೋ, "ನನ್ ಮಾನ ಹರಾಜ್ ಹಾಕ್ಬುಟ್ಟೆಯಲ್ಲೇ" ಎಂದು ಅಪ್ಪ ಉಮಕ್ಕನ ಕೈಯಿಂದಲೇ ರೀಲು ಕೀಳಿಸಿ, ಅವಳ ಕೈಯಿಂದಲೇ ಮರಕ್ಕೆ ಕಟ್ಟಿಸಿದರು. ಕಾಲೇಜು ಬಿಡಿಸಿ, ನಂಜನಗೂಡಿನ ಅಕ್ಕಿ ಮಿಲ್ಲಿನವರ ಮನೆಗೆ ಕೊಟ್ಟು ಕೈ ತೊಳೆದುಕೊಂಡರು. ಅಪ್ಪನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಎರಡು ದಶಕ ಕಳೆಯುತ್ತ ಬಂದಾಗ ಆ ತಂಡ ಮೈಸೂರಿಗೇ ಬಂತು. ಅಪ್ಪ ತೀರಿಕೊಂಡಿದ್ದರು, ತಡೆಯುವವರು ಯಾರು? ಹಳೆಯ ಉಮಕ್ಕನನ್ನು ಒಂದೇ ಒಂದು ಸಲ ಕಣ್ತುಂಬ ನೋಡಬೇಕೆಂಬ ಆಸೆಗೆ ನಾನೇ ನಂಜನಗೂಡಿಗೆ ಹೋಗಿ ಅವಳನ್ನು ಕರೆತಂದೆ. ಪಿಯುಸಿ ಓದುವ ಅವಳ ಮಗಳೂ ಹೊರಟಳು. ವೇದಿಕೆಯ ಮೇಲೆ ಹೊಟ್ಟೆ ಬಂದ ಗಂಡಸರು. ಹಾಡುವವನಿಗೆ ಎರಡನೇ ಹಾಡಿಗೇ ಏದುಸಿರು. "ಸಾಕ್ ಮಾಡೋ ತಾತ!" ಎಂದು ಹಿಂದಿನಿಂದ ಹುಡುಗರು ಕೂಗಿದರು. ಅದರಿಂದ ನನಗೇನೂ ಬೇಜಾರಾಗಲಿಲ್ಲ, ನನ್ನ ಕಣ್ಣು ಅಕ್ಕನ ಮೇಲಿತ್ತು. ಕೊನೆಗೂ ಅವಳು ಪ್ರಾಣ ಬಿಡುತ್ತಿದ್ದ ಆ ಹಾಡು ಬಂತು. ಅವಳು ಸೆರಗನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು.

"ಅಕ್ಕ, ನಮ್ ಹಾಡು ಕಣಕ್ಕ! ಗೊತ್ತಾಗ್ಲಿಲ್ವಾ?"

"ಅಯ್ಯೋ, ಇದಾ?" ಎಂದು ನಕ್ಕಳು. "ಪಾಪ ಕಣೇ ಅಪ್ಪ, ಎಷ್ಟು ತಡ್ಕೊಂಡಿದ್ರು! ನನ್ ಮಗಳೇನಾದ್ರೂ ಇಂಗಾಡಿದ್ರೆ ಕೈಕಾಲು ಮುರ್ದಾಕ್ಬುಡ್ತಿದ್ದೆ."

ಅವಳ ಆಚೆ ಪಕ್ಕದಲ್ಲಿ, ಅಲ್ಲಿಯವರೆಗೂ ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದ ಮಗಳು ಕೈ ನಿಲ್ಲಿಸಿ, ದುಪಟ್ಟಾದೊಳಗೆ ಮುಚ್ಚಿಟ್ಟುಕೊಂಡಳು.