ಮಹಬೂಬನ ಬೆಸುಗೆ ಮತ್ತು ಎರಡು ಪ್ರೋಟಾನು

ಗುಂಡ್ಲುಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟ ಮಹಬೂಬ್ ಇಪ್ಪತ್ತಾರು ವರ್ಷದಿಂದ ಮಾಡುತ್ತಿರುವುದು ಒಂದೇ ಕೆಲಸ, ಬಿಟ್ಟದ್ದನ್ನು ಕೂಡಿಸುವುದು. ಅವನು ಕೂಡಿಸಿದ್ದು ಮತ್ತೆ ಬಿಟ್ಟದ್ದನ್ನು ಯಾರೂ ಕಂಡಿಲ್ಲ. "ಟ್ರೇಲರೇ ಮುರ್ದೋಯ್ತು ಕಣ್ಲಾ, ನೀನಾಕಿದ್ ಜಾಯಿಂಟು ಮಾತ್ರ ಅಂಗೇ ಅದೆ" ಎಂದು ಭೀಮನಬೀಡಿನ ಪುಟ್ಟಮಲ್ಲಪ್ಪ ಒಮ್ಮೆ ದೂರಲು ಬಂದು ಹೊಗಳಿ ಹೋಗಿದ್ದ. ಮಹಬೂಬ್ ಈ ಮಾತನ್ನು ಊಟಕ್ಕೆ ಕೂತಾಗಲೆಲ್ಲ ಮನೆಯವರಿಗೆ ಬಡಿಸುತ್ತಿದ್ದ.

ಮಗಳು ಉಮ್ಮೆ ಹಬೀಬಾ ಹತ್ತನೇ ಕ್ಲಾಸು. ಚಾಮರಾಜನಗರದ ವಿಜ್ಞಾನ ಪ್ರದರ್ಶನಕ್ಕೆ ಶಾಲೆಯಿಂದ ಆಯ್ಕೆಯಾಗಿದ್ದವಳು ಅವಳೊಬ್ಬಳೇ. ಗೆದ್ದರೆ ಮೈಸೂರು. ಆ ಆಸೆಯಲ್ಲಿ ಅವಳಿಗೆ ತಿಂಗಳಿಂದ ನಿದ್ದೆ ಸರಿಯಿರಲಿಲ್ಲ. ಅವಳು ಹೇಳಿದಂತೆ ಅಪ್ಪ ಮಾದರಿ ಮಾಡಿಕೊಟ್ಟ: ಕೆಂಪು ಬಳಿದ ಎರಡು ಕಬ್ಬಿಣದ ಗುಂಡು, ನಡುವೆ ಒತ್ತಿಟ್ಟ ಮೊಪೆಡ್ಡಿನ ಸ್ಪ್ರಿಂಗು, ಮೇಲೊಂದು ಸಣ್ಣ ಕೊಂಡಿ. ಅಪ್ಪನನ್ನು ಅಬ್ಬಾ ಎಂದು ಕರೆದು ಮನೆಯಲ್ಲಿ ಉರ್ದು ಆಡಿದರೂ ಪರಮಾಣುವಿನ ವಿಷಯಕ್ಕೆ ಮಾತ್ರ ಕನ್ನಡವೇ ಆಗಬೇಕಿತ್ತು, ಅವಳು ಕಲಿತದ್ದು ಅದರಲ್ಲಿ.

"ಅಬ್ಬಾ, ಈ ಗುಂಡುಗಳು ಪ್ರೋಟಾನು. ಅವು ಒಂದನ್ನೊಂದು ತಳ್ತವೆ, ಅದು ಸ್ಪ್ರಿಂಗು. ಅದಕ್ಕಿಂತ ಜೋರಾಗಿ ಪ್ರಬಲ ನ್ಯೂಕ್ಲಿಯರ್ ಬಲ ಹಿಡ್ಕೊಂಡಿರುತ್ತೆ, ಅದು ಕೊಂಡಿ. ಆದ್ರೆ ತೀರಾ ಹತ್ರ ಇದ್ರೆ ಮಾತ್ರ. ಚೂರು ದೂರ ಎಳುದ್ರೆ ಕೊಂಡಿ ಬುಟ್ಬುಡ್ಬೇಕು."

"ಬುಟ್ಬುಡ್ಬೇಕಾ?" ಮಹಬೂಬನ ಮುಖ ಸಣ್ಣಗಾಯಿತು.

"ಬುಡ್ಲೇಬೇಕು."

ಹೊರಡುವ ಹಿಂದಿನ ಸಂಜೆ ಮಗಳು ಟ್ಯೂಷನ್ನಿಗೆ ಹೋಗಿದ್ದಾಗ ಮಹಬೂಬ್ ಆ ಕೊಂಡಿಯನ್ನು ಅಲ್ಲಾಡಿಸಿ ನೋಡಿದ. ಅದು ಅಲ್ಲಾಡಿತು. ತನ್ನ ಕೈಯ ಕೆಲಸ ಅಲ್ಲಾಡುವುದನ್ನು ಅವನಿಂದ ನೋಡಲಾಗಲಿಲ್ಲ. ಒಂದು ಚುಕ್ಕಿ ವೆಲ್ಡಿಂಗ್ ಇಟ್ಟು, ಉಜ್ಜಿ, ಮೇಲೆ ಬಣ್ಣ ಬಳಿದ.

ಪ್ರದರ್ಶನದಲ್ಲಿ ತೀರ್ಪುಗಾರ ನೀಲಕಂಠಸ್ವಾಮಿಯವರ ಮುಂದೆ ಹಬೀಬಾ ಒಂದು ಮಾತೂ ತಡವರಿಸಲಿಲ್ಲ. "ಈಗ ಚೂರೇ ಚೂರು ಎಳೀತೀನಿ, ನೋಡಿ ಸಾರ್" ಎಂದು ಎಳೆದಳು. ಮತ್ತೆ ಎಳೆದಳು. ನೀಲಕಂಠಸ್ವಾಮಿ ಒಳ್ಳೆಯ ಮನುಷ್ಯ, ಅವರೂ ಒಂದು ಕಡೆ ಹಿಡಿದು ಎಳೆದರು. ಮೇಜು ಸರಿಯಿತು. "ಭದ್ರವಾಗಿದೆ ಕಣಮ್ಮ" ಎಂದು ಏನೋ ಬರೆದುಕೊಂಡು ಮುಂದೆ ಹೋದರು. ಬಹುಮಾನ ಪಕ್ಕದ ಮೇಜಿನ ಜ್ವಾಲಾಮುಖಿಗೆ ಬಂತು.

ವಾಪಸು ಬರುವಾಗ ಉಡಿಗಾಲ ದಾಟಿದ ಮೇಲೆ ಅವಳು ಕೊಂಡಿಯ ಬಣ್ಣವನ್ನು ಉಗುರಿನಿಂದ ಕೆರೆದು, ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಪ್ಪನನ್ನು ನೋಡಿದಳು.

"ಅಬ್ಬಾ, ವೆಲ್ಡಿಂಗ್ ಮಾಡ್ಬುಟ್ರಾ?"

"ಒಂದೇ ಚುಕ್ಕಿ ಕಣಮ್ಮಿ. ಬಸ್ಸಲ್ಲಿ ಬುಟ್ಟೋದದು ಅಂತ."

ಅವಳು ಕಿಟಕಿಯ ಕಡೆ ತಿರುಗಿ ಅತ್ತಳು. ಮಹಬೂಬನಿಗೆ ಜೀವನದಲ್ಲಿ ಮೊದಲ ಸಲ ತನ್ನ ಕೈ ಮೇಲೆ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅವನು ಗ್ರೈಂಡರ್ ಹಿಡಿದು ತನ್ನ ಬೆಸುಗೆಯನ್ನು ತಾನೇ ಕೊಯ್ದ. ಒಳ್ಳೆಯ ಬೆಸುಗೆ, ಬೇಗ ಹೋಗಲಿಲ್ಲ. ಕೊಂಡಿ ಸಿಕ್ಕಿಸಿ ಮಗಳ ಕೈಗಿಟ್ಟ. "ಎಳಿ" ಎಂದು ಕಣ್ಣು ಮುಚ್ಚಿಕೊಂಡ.

ಟಪ್ಪೆಂದಿತು. ಒಂದು ಗುಂಡು ಅಂಗಡಿಯ ತಗಡಿಗೆ ಬಡಿಯಿತು, ಇನ್ನೊಂದು ರಸ್ತೆಗೆ ಉರುಳಿತು. ಹಬೀಬಾ ಜೋರಾಗಿ ನಕ್ಕಳು. ಮಹಬೂಬ್ ಓಡಿಹೋಗಿ ಎರಡನ್ನೂ ಆರಿಸಿ ತಂದ.

"ಕೂಡುಸ್ಕೊಡ್ಲಾ?"

"ಬ್ಯಾಡ ಅಬ್ಬಾ, ನಾನೇ ಕೂಡುಸ್ತೀನಿ."

ಮಹಬೂಬ್ ಗುಂಡುಗಳನ್ನು ಅವಳ ಕೈಗೆ ಕೊಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತ.