ಮಾವನವರು ನೆಟ್ಟ ಸುರಹೊನ್ನೆ

ನನ್ನ ಮಾವನವರು ಸಿಂಗಾಪುರಕ್ಕೆ ಬಂದ ಮೂರನೆಯ ವಾರ, ಸಮುದ್ರದಂಡೆಯ ಪಾರ್ಕಿಗೆ ವಾಕಿಂಗ್ ಹೋದವರು ಪ್ಯಾಂಟಿನ ಜೇಬಿನಲ್ಲಿ ಎರಡು ಕಾಯಿ ಹಾಕಿಕೊಂಡು ಬಂದರು. ಗೋಲಿಗಿಂತ ದೊಡ್ಡವು, ನಿಂಬೆಹಣ್ಣಿಗಿಂತ ಚಿಕ್ಕವು, ಒಣಗಿ ಸುಕ್ಕುಗಟ್ಟಿದ್ದವು. ಬಂದವರೇ ಸುತ್ತಿಗೆ ಕೇಳಿದರು. ಅಡುಗೆಮನೆಯ ನೆಲದ ಮೇಲೆ ಕೂತು, ಒಳಗಿನ ತಿರುಳಿಗೆ ಏಟು ಬೀಳದಂತೆ ಗಟ್ಟಿ ಸಿಪ್ಪೆಯನ್ನಷ್ಟೇ ಬಿರಿಯುವ ಹಾಗೆ ಹಗುರವಾಗಿ ತಟ್ಟಿದರು. ಅವರು ಮೈಸೂರಿನಲ್ಲಿ ಮೂವತ್ತು ವರ್ಷ ಕಾಲೇಜು ಹುಡುಗರಿಗೆ ಸಸ್ಯಶಾಸ್ತ್ರ ಹೇಳಿಕೊಟ್ಟವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದಿದ್ದರು.

"ಸುರಹೊನ್ನೆ ಕಣಮ್ಮಾ," ಎಂದರು. "ನಮ್ಮ ಕರಾವಳೀಲೂ ಇದೆ, ಇಲ್ಲೂ ಇದೆ. ಇದು ಈ ಊರಿಂದೇ ಮರ. ಹೊರಗಿಂದ ಬಂದೋರು ನಾವು."

ಆಗ ನಾವು ಹೌಗಾಂಗ್‌ನಲ್ಲಿ ಒಂದು ಹಳೆಯ ಟೆರೇಸ್ ಮನೆಯಲ್ಲಿ ಬಾಡಿಗೆಗಿದ್ದೆವು. ಮನೆಗಳ ಸಾಲಿನಲ್ಲಿ ಕೊನೆಯದು. ಗೇಟಿಗೂ ಹಾಲಿನ ಕಿಟಕಿಗೂ ನಡುವೆ ಒಂದಿಷ್ಟು ಮಣ್ಣಿತ್ತು. ಮಾವನವರು ಎರಡು ಕುಂಡಗಳಲ್ಲಿ ಎರಡು ಬೀಜ ಹಾಕಿದರು. ಎರಡನೆಯ ತಿಂಗಳಲ್ಲಿ ಒಂದು ಮೊಳೆಯಿತು, ಇನ್ನೊಂದು ಕೊಳೆಯಿತು.

ಅದೇ ತಿಂಗಳು ನನ್ನ ಹೊಟ್ಟೆಯಲ್ಲಿದ್ದ ನಾಲ್ಕು ತಿಂಗಳ ಮಗು ಹೋಯಿತು. ಆಸ್ಪತ್ರೆಯಿಂದ ಬಂದು ನಾನು ಟ್ಯಾಕ್ಸಿಯಿಂದ ಇಳಿದಾಗ ಅವರು ಮೆಟ್ಟಿಲ ಬಳಿ ಕುಕ್ಕರುಗಾಲಲ್ಲಿ ಕೂತು ಸಸಿಯನ್ನು ಕುಂಡದಿಂದ ನೆಲಕ್ಕೆ ಇಳಿಸುತ್ತಿದ್ದರು. ಕೈಯೆಲ್ಲ ಮಣ್ಣು. ನನ್ನನ್ನು ನೋಡಿ ಹೇಳಿದರು: "ಎರಡು ಬಿತ್ತಿದ್ರೆ ಒಂದು ಕೊಳೆಯೋದು ಸಹಜ ಕಣಮ್ಮಾ. ಅದಕ್ಕೆಲ್ಲ ಅಳ್ತಾ ಕೂತ್ಕೋಬಾರದು."

ಸಮಾಧಾನ ಹೇಳಬೇಕೆಂದೇ ಹೇಳಿದರೋ ಏನೋ. ಹಿಂದೆ ಬ್ಯಾಗ್ ಹಿಡಿದು ನಿಂತಿದ್ದ ನನ್ನ ಗಂಡ ಕೇಳಿಸಿಕೊಂಡ. ಒಳಗೆ ಹೋದ ಮೇಲೆ, "ಅವ್ರು ಮೇಷ್ಟ್ರು, ಮಾತಾಡೋದೇ ಹಾಗೆ. ಬಿಟ್ಬಿಡು," ಎಂದ. ನಾನು ಬಿಟ್ಟುಬಿಟ್ಟೆ ಎಂದು ಅವನು ತಿಳಿದುಕೊಂಡ.

ಮರ ಬೆಳೆಯಿತು. ಮೊದಲ ಎರಡು ವರ್ಷ ಬೆಳೆದದ್ದೇ ಗೊತ್ತಾಗಲಿಲ್ಲ, ಆಮೇಲೆ ಒಮ್ಮೆಗೇ ಎದ್ದಿತು. ದಪ್ಪನೆಯ ಹೊಳೆಯುವ ಎಲೆ, ಎಲೆಯ ತುಂಬ ಬಾಚಣಿಗೆಯಲ್ಲಿ ಎಳೆದಂಥ ಸಣ್ಣ ಗೆರೆಗಳು. ಮಾವನವರು ಬೆಳಿಗ್ಗೆ ಕಾಫಿಗೆ ಮುಂಚೆ ಅದರ ಹತ್ತಿರ ಹೋಗಿ, ಎಲೆಯ ಅಡಿಭಾಗ ತಿರುಗಿಸಿ ನೋಡಿ, ಹುಳ ಇದ್ದರೆ ಉಗುರಿನಿಂದ ತೆಗೆದು, "ಏನೋ ಮರೀ, ರಾತ್ರಿ ನಿದ್ದೆ ಬಂತಾ?" ಎಂದು ಮಾತಾಡಿಸುತ್ತಿದ್ದರು. ಆ ದನಿ ನಮ್ಮಲ್ಲಿ ಯಾರಿಗೂ ಸಿಕ್ಕಿದ್ದಿಲ್ಲ. ಒಳಗೆ ಬಂದರೆ ಸಾರಿಗೆ ಹುಳಿ ಜಾಸ್ತಿ, ಅನ್ನ ಮುದ್ದೆಯಾಗಿದೆ, ಆಫೀಸಿಗೆ ಹೋಗುವ ಹೆಂಗಸರ ಮನೆಯಲ್ಲಿ ಇನ್ನೇನು ಸಿಗುತ್ತದೆ. ಮೈಸೂರಿನ ತಂಗಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳುವಾಗ ನನಗೆ ಕೇಳಿಸಲೆಂದೇ ಸ್ಪೀಕರ್ ಹಾಕುತ್ತಿದ್ದರು.

ನನ್ನನ್ನು ಅಂದದ್ದನ್ನು ನಾನು ನುಂಗಿಕೊಳ್ಳಬಲ್ಲವಳಾಗಿದ್ದೆ. ಮಾವನವರು ಬಂದಾಗ ಏಳು ತುಂಬುವುದರಲ್ಲಿದ್ದ ನನ್ನ ಮಗಳ ವಿಷಯ ಬೇರೆ. ಪ್ರತಿ ಹುಟ್ಟುಹಬ್ಬಕ್ಕೆ ಅವರು ಅವಳನ್ನು ಮರದ ಪಕ್ಕ ನಿಲ್ಲಿಸಿ ಅಳೆಯುತ್ತಿದ್ದರು. ಏಳನೆಯ ವರ್ಷಕ್ಕೆ ಅವಳೇ ಎತ್ತರ. ಹತ್ತಕ್ಕೆ ಸಮ. ಆಮೇಲೆ ಮರ ಮುಂದೆ ಹೋಯಿತು, ಅಳೆಯುವುದು ಮಾತ್ರ ನಿಲ್ಲಲಿಲ್ಲ. ಯಾವ ಹೈಸ್ಕೂಲು ಸಿಗುತ್ತದೆಂದು ಇಲ್ಲಿ ನಿರ್ಧರಿಸುವ ಆರನೆಯ ತರಗತಿಯ ಪರೀಕ್ಷೆಯಲ್ಲಿ ಅವಳ ಫಲಿತಾಂಶ ಬಂದ ವಾರ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬೆಂಗಳೂರಿನ ಕಡೆಯ ನಾಲ್ಕೈದು ಕುಟುಂಬ ಬಂದಿದ್ದವು. ಯಾರೋ ಆಂಟಿ, "ಎಷ್ಟು ಸ್ಕೋರ್ ಬಂತು ಪುಟ್ಟಾ?" ಎಂದು ಕೇಳಿದರು. ಅವಳು ತಲೆ ತಗ್ಗಿಸಿದಳು. ಮಾವನವರು ಕಿಟಕಿಯ ಕಡೆ ಕೈ ತೋರಿಸಿ ನಗುತ್ತ ಹೇಳಿದರು: "ಅದಕ್ಕೆ ನೀರು ಹಾಕ್ದೆ, ಮರ ಆಯ್ತು. ಇವಳಿಗೆ ಹಾಲು, ಟ್ಯೂಷನ್ನು, ಬಾದಾಮಿ ಎಲ್ಲಾ ಹಾಕಿದ್ವಿ. ಏನು ಮಾಡೋದು, ಬೀಜ ಅವರಮ್ಮನ ಕಡೇದು."

ಎಲ್ಲರೂ ನಕ್ಕರು. ನಗುವುದೋ ಬೇಡವೋ ಎಂದು ಒಂದು ಕ್ಷಣ ತಡೆದು ನಕ್ಕರು. ನನ್ನ ಗಂಡನೂ ನಕ್ಕ. ನಾನು ಪ್ರಸಾದದ ದೊನ್ನೆಗಳನ್ನು ಹಂಚಿದೆ. ಮಗಳು ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎಂಟನೆಯ ವರ್ಷ ಮರ ಮೊದಲ ಸಲ ಹೂ ಬಿಟ್ಟಿತು. ಬಿಳಿ ಎಸಳು, ನಡುವೆ ಹಳದಿ ಕೇಸರದ ಗುಂಪು. ಬೆಳಗಿನ ಹೊತ್ತು ಹಾಲಿನ ತುಂಬ ಪರಿಮಳ. ದಾರಿಯಲ್ಲಿ ಹೋಗುವವರು ನಿಂತು ಫೋಟೊ ತೆಗೆಯುತ್ತಿದ್ದರು. ಅದಾಗಿ ಕೆಲವೇ ತಿಂಗಳಿಗೆ ಮಾವನವರು ಸ್ನಾನದ ಮನೆಯಲ್ಲಿ ಬಿದ್ದರು. ಪಾರ್ಶ್ವವಾಯು. ಬಲಗೈ, ಬಲಗಾಲು ಹೋದವು, ಮಾತು ಹೋಯಿತು. ಉಳಿದದ್ದು ಒಂದೇ ಪದ: "ನೀರು." ಹಸಿವಾದರೂ ನೀರು, ಬೆನ್ನು ತುರಿಸಿದರೂ ನೀರು, ಮೊಮ್ಮಗಳನ್ನು ಕರೆಯಬೇಕಾದರೂ ನೀರು. ದನಿಯ ಏರಿಳಿತದಿಂದ ನಾವು ಅರ್ಥ ಮಾಡಿಕೊಳ್ಳುತ್ತಿದ್ದೆವು. ಬುದ್ಧಿ ಚುರುಕಾಗಿಯೇ ಇದೆ, ಎಲ್ಲವೂ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೆ.

ನಾನು ಆಫೀಸಿನ ಕೆಲಸವನ್ನು ಮನೆಯಿಂದಲೇ ಮಾಡುವಂತೆ ಬದಲಿಸಿಕೊಂಡೆ. ಸ್ನಾನ ಮಾಡಿಸಿದೆ, ಗಂಜಿ ಕುಡಿಸಿದೆ, ಉಗುರು ಕತ್ತರಿಸಿದೆ. ಹಗಲೆಲ್ಲ ಗಾಲಿಕುರ್ಚಿಯನ್ನು ಹಾಲಿನ ಕಿಟಕಿಯ ಮುಂದೆ ಇಡುತ್ತಿದ್ದೆ. ಮರ ನೋಡುತ್ತ ಕೂತಿರುತ್ತಿದ್ದರು. ಮನೆಯಲ್ಲಿ ಬೈಗುಳ ನಿಂತಿತ್ತು. ನನಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಅವರ ಬಾಯಿ ಒರೆಸುವಾಗಲೆಲ್ಲ ಆ ಬಾಯಿ ಅಂದ ಒಂದೊಂದು ಮಾತೂ ಎದ್ದು ಬರುತ್ತಿತ್ತು. ಈಗ ಉತ್ತರ ಕೊಟ್ಟರೆ ಕೇಳಿಸಿಕೊಳ್ಳುತ್ತಾರೆ, ತಿರುಗಿ ಹೇಳಲಾರರು. ಆ ಯೋಚನೆ ಬಂದ ದಿನ ನಾನು ಹೆದರಲಿಲ್ಲ, ಹಗುರವಾದೆ.

ಆಮೇಲೆ ಕಾಂಪೌಂಡಿನ ಚರಂಡಿ ಬಿರುಕು ಬಿಟ್ಟಿತು. ಮನೆಯ ಒಡತಿ, ಅರವತ್ತು ದಾಟಿದ ಚೀನೀ ಆಂಟಿ, ಬಂದು ಬಗ್ಗಿ ನೋಡಿದಳು. "ಆ ಕಡೆ ಬೇರು ಕಟ್ ಮಾಡಿ, ಮೇಲೆ ಸ್ವಲ್ಪ ಟ್ರಿಮ್ ಮಾಡಿದ್ರೆ ಸಾಕು ಲಾ," ಎಂದು ಇಲ್ಲಿಯವರ ಧಾಟಿಯಲ್ಲಿ ಹೇಳಿದಳು. "ಇಷ್ಟು ಚಂದದ ಮರ."

"ಬೇಡ ಆಂಟಿ, ಪೂರ್ತಿ ತೆಗೆಸೋಣ. ಹೂವಿನ ಪುಡಿ ಮಾವನವರಿಗೆ ಆಗಲ್ಲ. ಉಸಿರು ಕಟ್ಟುತ್ತೆ," ಎಂದೆ. ಅವಳು ಪಾಪ ಎಂಬಂತೆ ಕಿಟಕಿಯ ಕಡೆ ನೋಡಿದಳು. ಮಾವನವರು ಅವಳಿಗೆ ಎಡಗೈ ಎತ್ತಿದರು.

ಗಂಡನಿಗೆ ಹೇಳಿದ್ದು ಬೇರೆ ಸುಳ್ಳು: "ಓನರ್ ತೆಗೀಲೇಬೇಕು ಅಂತಿದ್ದಾರೆ."

"ಅಪ್ಪಂಗೆ ಹೇಳಿದ್ಯಾ?"

"ಹೇಳ್ತೀನಿ."

ಹೇಳಲಿಲ್ಲ. ಒಂದು ಗುರುವಾರಕ್ಕೆ ಬುಕ್ ಮಾಡಿದೆ. ಗಂಡ ರಾಫೆಲ್ಸ್ ಪ್ಲೇಸ್‌ನ ಆಫೀಸಿನಲ್ಲಿ, ಮಗಳು ಸ್ಕೂಲಿನಲ್ಲಿ ಇರುವ ಹೊತ್ತು. ಅವತ್ತು ಬೆಳಿಗ್ಗೆ ಮಾವನವರಿಗೆ ತಲೆಗೆ ನೀರು ಹಾಕಿದೆ. ಗಡ್ಡ ತೆಗೆದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಮದುವೆಗೆ ಹೊರಡುವವರಂತೆ ಸಿದ್ಧಪಡಿಸಿ, ಪರದೆಯನ್ನು ಎರಡೂ ಕಡೆಗೆ ಪೂರ್ತಿ ಸರಿಸಿ, ಗಾಲಿಗೆ ಬ್ರೇಕ್ ಹಾಕಿದೆ.

ಇಬ್ಬರು ಕೆಲಸಗಾರರು ಬಂದರು. ಒಬ್ಬ ತಮಿಳುನಾಡಿನವನು, ವಯಸ್ಸಾದವನು. ಮರವನ್ನು ಸುತ್ತುಹಾಕಿ ನೋಡಿ, "ಮೊಗ್ಗು ಬಿಟ್ಟಿದೆಯಲ್ಲಮ್ಮಾ," ಎಂದು ತಮಿಳಿನಲ್ಲಿ ಹೇಳಿದ. ಆಮೇಲೆ ಕಿಟಕಿಯೊಳಗೆ ನೋಡಿ, "ಅಯ್ಯಾವ್ರನ್ನ ಒಳಗೆ ಕರ್ಕೊಂಡು ಹೋಗಿ. ಸದ್ದು ಜಾಸ್ತಿ," ಎಂದ.

"ಪರವಾಗಿಲ್ಲ, ಅವರಿಗೆ ಮರ ಅಂದ್ರೆ ಇಷ್ಟ," ಎಂದೆ.

ಅವನು ನನ್ನನ್ನು ಒಮ್ಮೆ ನೋಡಿ ಹೆಲ್ಮೆಟ್ ಹಾಕಿಕೊಂಡ.

ಮೇಲಿನ ಕೊಂಬೆ ಬಿದ್ದಾಗ ಮಾವನವರಿಗೆ ಅರ್ಥವಾಗಲಿಲ್ಲ. ಸವರುತ್ತಿದ್ದಾರೆ ಎಂದುಕೊಂಡಿರಬೇಕು, ತಲೆಯಾಡಿಸಿದರು. ಎರಡನೆಯದು, ಮೂರನೆಯದು ಬಿದ್ದವು. ಗರಗಸ ಕಾಂಡಕ್ಕೆ ಬಂದಾಗ ಅರ್ಥವಾಯಿತು. "ನೀರು," ಎಂದರು. ಎಡಗೈಯಿಂದ ಕುರ್ಚಿಯ ಹಿಡಿ ಬಡಿದರು. "ನೀರು! ನೀರು!"

ಅವರು ಏನು ಹೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಾನು ಅಡುಗೆಮನೆಗೆ ಹೋಗಿ, ಮೂತಿಯಿದ್ದ ಪ್ಲಾಸ್ಟಿಕ್ ಲೋಟದಲ್ಲಿ ನೀರು ತುಂಬಿಸಿ ತಂದು, ಅವರ ತುಟಿಗೆ ಹಿಡಿದೆ. "ತಗೊಳ್ಳಿ ಮಾವ, ನೀರು," ಎಂದೆ.

ಅವರು ಮುಖ ತಿರುಗಿಸಿದರು. ನಾನು ಲೋಟವನ್ನು ಆ ಕಡೆಗೆ ಹಿಡಿದೆ. ಮತ್ತೆ ತಿರುಗಿಸಿದರು. ನೀರು ಗಲ್ಲದಿಂದ ಇಳಿದು ಬಿಳಿ ಅಂಗಿ ನೆನೆಯಿತು. ನಾನು ಬಗ್ಗಿ ಅವರ ಕಿವಿಯ ಹತ್ತಿರ, "ಒಂದು ಮರ ತಾನೇ ಮಾವ. ಅದಕ್ಕೆಲ್ಲ ಅಳ್ತಾ ಕೂತ್ಕೋಬಾರದು," ಎಂದೆ. ಆಗ ಅವರು ನನ್ನನ್ನು ನೋಡಿದರು. ಒಂಬತ್ತು ವರ್ಷದಲ್ಲಿ ಅಷ್ಟು ಹೊತ್ತು ಅವರು ನನ್ನ ಮುಖ ನೋಡಿದ್ದು ಅದೇ ಮೊದಲು.

ಹೊರಗೆ ಕೊರಡಿನಿಂದ ಹಳದಿ ಹಾಲು ಒಸರುತ್ತಿತ್ತು. ಗೇಟು ಸದ್ದಾಯಿತು. ಅವತ್ತು ಸ್ಕೂಲು ಬೇಗ ಬಿಟ್ಟಿತ್ತು. ಮಗಳು ಕೊಂಬೆಗಳನ್ನು ದಾಟಿ ಒಳಗೆ ಬಂದು, ತಾತನನ್ನು ನೋಡಿ, ನನ್ನ ಕೈಯಲ್ಲಿದ್ದ ಲೋಟ ನೋಡಿ, ಅದನ್ನು ಕಿತ್ತುಕೊಂಡಳು. ಬ್ರೇಕ್ ತೆಗೆದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು.

"ಅಮ್ಮಾ, ಕುರ್ಚಿನಾದ್ರೂ ತಿರುಗಿಸಬಹುದಿತ್ತಲ್ವಾ?"

"ನಿನಗೋಸ್ಕರ ಮಾಡಿದ್ದು," ಎಂದೆ. ಅದು ಸುಳ್ಳೆಂದು ನನಗೆ ಅನಿಸಿರಲಿಲ್ಲ. "ಅವತ್ತು ಅಷ್ಟು ಜನರ ಮುಂದೆ ನಿನ್ನ ಏನಂದ್ರು, ಮರೆತುಹೋಯ್ತಾ?"

"ಮರೆತಿಲ್ಲ. ಅವತ್ತು ನೀನೂ ಅಲ್ಲೇ ಇದ್ದೆ." ಅವಳಿಗೆ ಆಗ ಹದಿನಾರು. ದನಿ ಎತ್ತಲೇ ಇಲ್ಲ. "ತಾತ ಮಾತಾಡ್ತಿದ್ದಾಗ ಒಂದು ಸಲನಾದ್ರೂ ನೀನು ಬಾಯಿ ಬಿಟ್ಯಾ? ಪ್ರಸಾದ ಹಂಚ್ತಾ ಇದ್ದೆ. ಈಗ ಅವರಿಗೆ ಮಾತು ಬರಲ್ಲ, ಈಗ ನನಗೋಸ್ಕರ ಅಂತೀಯ."

ಕೆಲಸಗಾರರು ಸಹಿ ಬೇಕೆಂದು ಬಾಗಿಲು ತಟ್ಟಿದರು, ಹೋಗಿ ಸಹಿ ಹಾಕಿದೆ.

ಸಂಜೆ ಗಂಡ ಬಂದ. ಗೇಟಿನ ಬಳಿ ನಿಂತು ಖಾಲಿ ಜಾಗ ನೋಡಿದ. ಅವನು ಕೂಗಾಡುತ್ತಾನೆ ಎಂದು ಕಾಯುತ್ತಿದ್ದೆ, ನಿಜವಾಗಿ ಅದನ್ನೇ ಬಯಸಿದ್ದೆ. "ಹಾಲಿಗೆ ಬೆಳಕು ಚೆನ್ನಾಗಿ ಬರ್ತಿದೆ ಅಲ್ವಾ?" ಎಂದು ಶೂ ಬಿಚ್ಚಿ ಒಳಗೆ ಹೋದ. ಆ ದನಿಯಲ್ಲಿ ಇದ್ದದ್ದು ನಿರಾಳ. ತನ್ನ ಅಪ್ಪನಿಗೆ ತಾನು ಮಾಡಲಾರದ್ದನ್ನು ನನ್ನಿಂದ ಮಾಡಿಸಿಕೊಂಡವನಂತೆ ಅವತ್ತು ಎರಡು ಚಪಾತಿ ಹೆಚ್ಚು ತಿಂದ.

ಮರುದಿನ ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋದೆ. ಮಾವನವರು ಬಾಯಿ ತೆರೆಯುವುದಿಲ್ಲ ಎಂದುಕೊಂಡಿದ್ದೆ. ಚಮಚ ಹತ್ತಿರ ತಂದಾಗ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದರು. ಇನ್ನೇನು ಮಾಡಿಯಾರು, ಉಣಿಸಲು ಆ ಹೊತ್ತಿನಲ್ಲಿ ಬೇರೆ ಯಾರೂ ಇರಲಿಲ್ಲ. ಇಡೀ ಬಟ್ಟಲು ಖಾಲಿ ಮಾಡಿಸಿ ಬಾಯಿ ಒರೆಸಿದೆ.

ಅವರ ಒಂದು ಪದವೂ ನಿಂತುಹೋಯಿತು. ಬಾಯಾರಿಕೆಯೋ ಹಸಿವೋ ನಾವೇ ಊಹಿಸಬೇಕಾಗಿತ್ತು. ಸ್ವಲ್ಪ ದಿನಕ್ಕೆ ಮಗಳು ತಾನೇ ಬೇಗ ಎದ್ದು ಸ್ಕೂಲಿಗೆ ಮುಂಚೆ ಗಂಜಿ ಕುಡಿಸತೊಡಗಿದಳು, ಸಂಜೆಯದೂ ಅವಳೇ. ಅವಳು ಪಕ್ಕದಲ್ಲಿ ಕೂತು ಪಾಠ ಓದುತ್ತಿದ್ದರೆ ಅವರ ಎಡಗೈ ಅವಳ ಪುಸ್ತಕದ ಅಂಚಿನ ಮೇಲಿರುತ್ತಿತ್ತು. ಮಧ್ಯಾಹ್ನದ್ದು ಮಾತ್ರ ನನ್ನದು. ಪ್ರತಿ ಮಧ್ಯಾಹ್ನವೂ ಅವರು ಕಣ್ಣು ಮುಚ್ಚಿಕೊಂಡೇ ಉಂಡರು. ಹಾಗೆ ಹನ್ನೊಂದು ತಿಂಗಳು ಇದ್ದು ಹೋದರು.

ವೈಕುಂಠ ಸಮಾರಾಧನೆಗೆ ಅದೇ ಬೆಂಗಳೂರಿನ ಕುಟುಂಬಗಳು ಬಂದಿದ್ದವು. ಒಬ್ಬ ಆಂಟಿ ನನ್ನ ಕೈ ಹಿಡಿದು, "ಸ್ವಂತ ಮಗಳೂ ಇಷ್ಟು ನೋಡ್ಕೊಳಲ್ಲ ಕಣ್ರೀ. ಎಷ್ಟು ಪುಣ್ಯ ಮಾಡಿದ್ರು ನಿಮ್ಮ ಮಾವ," ಎಂದರು. ಮಗಳು ಕಾಫಿಯ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ನನ್ನನ್ನು ನೋಡುತ್ತ, ನಾನು ಏನು ಹೇಳುತ್ತೇನೆಂದು ಕಾದಳು.

"ನಮ್ಮ ಕರ್ತವ್ಯ ಅಲ್ವಾ ಆಂಟಿ," ಎಂದೆ.

ಅವಳು ಕಾಫಿ ಕೊಟ್ಟು ಮುಂದಿನವರ ಹತ್ತಿರ ಹೋದಳು.