ಎರಡು ಹಲ್ಲಿನ ರಜೆ

ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳ ಕಾಲರ್ ಹೊಲಿಯುವ ಅಕ್ಕ ಹಲ್ಲುನೋವಿಗೆ ಕೂತಲ್ಲಿ ಕೂರಲಾರದೆ ಎಂಟು ತಿಂಗಳಿಂದ ಅರ್ಧ ದಿನದ ರಜೆ ಕೇಳುತ್ತಿದ್ದಳು.

"ಹೊಲಿಯೋ ಕೈಗೇನಮ್ಮ ದಾಡಿ?" ಎನ್ನುತ್ತಿದ್ದ ಸೂಪರ್‌ವೈಸರ್.

ಕೆನ್ನೆ ಊದಿದ ದಿನ ಅವಳು ಹೇಳದೆ ಕೇಳದೆ ಡಾಕ್ಟರ ಬಳಿ ಓಡಿದಳು. ಬುದ್ಧಿಹಲ್ಲು ಅರ್ಧ ಹುಟ್ಟಿ ಅಡ್ಡ ಮಲಗಿತ್ತು. ಸಂದಿಯಲ್ಲಿ ತಿಂದದ್ದೆಲ್ಲ ಸಿಕ್ಕಿ ಕೊಳೆತು, ಪಕ್ಕದ ದವಡೆಹಲ್ಲೂ ಹುಳುಕಾಗಿತ್ತು.

"ಮೊದಲೇ ಬಂದಿದ್ರೆ ಒಂದೇ ಕೀಳ್ತಿದ್ದೆ ಕಣಮ್ಮ. ಈಗ ಎರಡೂ ಹೋಗ್ಬೇಕು."

ರಜೆ ಕೊಡದವನ ಬಾಯಲ್ಲಿ ಮೂವತ್ತೆರಡೂ ಭದ್ರವಾಗಿದ್ದವು.

ಅಕ್ಕ ಕೆಲಸಕ್ಕೆ ಮರಳಿದ ದಿನ, ಪಕ್ಕದ ಮಿಷನ್ನಿನಲ್ಲಿ ತೋಳು ಹೊಲಿಯುವ ಹುಡುಗಿ ಗಳಿಗೆಗೊಮ್ಮೆ ಕೆನ್ನೆ ಒತ್ತಿಕೊಳ್ಳುತ್ತಿದ್ದಳು. ಅಕ್ಕ ಅವಳ ಮಿಷನ್ ನಿಲ್ಲಿಸಿ, ರಟ್ಟೆ ಹಿಡಿದು ಎಬ್ಬಿಸಿದಳು.

"ಅಯ್ಯೋ, ಸಾಹೇಬ್ರು ಬಿಡಲ್ಲಕ್ಕ!"

"ಅವರನ್ನ ಕೇಳ್ತಾ ಕೂತೇ ನಾನು ಎರಡು ಕಳ್ಕೊಂಡೆ. ನಡಿಯೇ!"